ಸೆವೆನ್ಸ್ ರಗ್ಬಿ ಮತ್ತು ಡರ್ಟ್ ಬೈಕ್ ರೇಸ್: ಡಿ5600, 70-300ರಾಗ ಫೋಟೊ ಮಸುಕು ಬರ್ತಾವ, ಏನ್ ತಪ್ಪು?

ಭೀಮಾತೀರ_ಕ್ಲಿಕ್ (ಕಲಬುರಗಿ)

ನಮಸ್ಕಾರ್ರಿ ಎಲ್ಲರಿಗೂ. ಮಾರ್ಚ್ ಮೊದಲ ವಾರ ಎರಡು ಕೆಲಸ ಅವ. ಒಂದು, ಕಲಬುರಗಿಯೊಳಗ ಕಾಲೇಜು ಹುಡುಗರ ಸೆವೆನ್ಸ್ ರಗ್ಬಿ, ಮುಂಜಾನಿ 8ರಿಂದ ಮಧ್ಯಾಹ್ನ 3ರ ತನಕ. ಇನ್ನೊಂದು, ಬೀದರ್ ಹೊರಗ ಕೆಂಪು ಮಣ್ಣಿನ ಟ್ರ್ಯಾಕ್ ಮ್ಯಾಲ ಬೈಕ್ ರೇಸ್, ಸಂಜಿ 4ಕ್ಕ ಶುರು.

ಸಾಮಾನು: ನಿಕಾನ್ ಡಿ5600 ಕ್ಯಾಮೆರಾ, ಎಎಫ್-ಪಿ 70-300 ವಿಆರ್ (ಕೈ ನಡುಕ ತಡೆಯೋ) ಲೆನ್ಸ್, ಒಂದು ಮಾನೊಪಾಡ್ (ಒಂಟಿ ಕಾಲಿನ ಸ್ಟ್ಯಾಂಡ್). 70-200 ಎಫ್ 2.8 ತಗೊಳ್ಳೋ ರೊಕ್ಕ ಇಲ್ಲ. ಪ್ರಾಕ್ಟೀಸ್ ಮ್ಯಾಚಿನಾಗ ತಗದ ಫೋಟೊ ಎಲ್ಲಾ ಮೆತ್ತಗ ಬಂದಾವ. ಎಕ್ಸಿಫ್ (ಫೋಟೊದಾಗ ಉಳಿಯೋ ಸೆಟ್ಟಿಂಗ್ ವಿವರ) ಇದು: ಮಧ್ಯಾಹ್ನ 2 ಗಂಟಿ, 300 ಎಂಎಂ, ಅಪರ್ಚರ್ ಎಫ್ 6.3, ಶಟರ್ 1/500 ಸೆಕೆಂಡ್, ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 100, ಫೋಕಸ್ ಎಎಫ್-ಎ, ಆಟೊ ಏರಿಯಾ, ವಿಆರ್ ಆನ್. ಆಟಗಾರರು 70-80 ಮೀಟರ್ ದೂರ ಇದ್ರು. ಲೆನ್ಸ್ ಕೆಟ್ಟದೋ, ನಾ ಕೆಟ್ಟೀನೋ ಹೇಳ್ರಿ.

ಎರೆಮಣ್ಣು (ಯಾದಗಿರಿ)

ಲೆನ್ಸ್ ಕೆಟ್ಟಿಲ್ಲ. ನಿಮ್ಮ ಎಕ್ಸಿಫ್ ಒಳಗ ನಾಲ್ಕು ತಪ್ಪು ಕಾಣ್ತಾವ, ಒಂದೊಂದಾಗಿ ಹೇಳ್ತೀನಿ.

ಮೊದಲನೇದು ದೂರ. ಡಿ5600 ಮ್ಯಾಲ 300 ಎಂಎಂ ಹಚ್ಚಿದ್ರ 40 ಮೀಟರಿನಾಗ ಫ್ರೇಮಿನ ಎತ್ತರ ಸುಮಾರು 2 ಮೀಟರ್. ಅಂದ್ರ ನಿಂತ ಆಟಗಾರ ತಲಿಯಿಂದ ಕಾಲಿನ ತನಕ ಫ್ರೇಮ್ ತುಂಬ್ತಾನ. 80 ಮೀಟರಿನಾಗ ಅವ ಅರ್ಧ ಆಗ್ತಾನ, ನೀವು ಕ್ರಾಪ್ ಮಾಡಿದ್ರ 24 ಮೆಗಾಪಿಕ್ಸೆಲ್‌ನಾಗ 6 ಉಳೀತದ. 40 ಮೀಟರ್ ಆಚಿನ ಆಟ ಕಣ್ಣಿಂದ ನೋಡ್ರಿ, ಕ್ಯಾಮೆರಾದಿಂದ ಬ್ಯಾಡ. ಆಟ ನಿಮ್ಮ ಕಡಿ ಬರೋ ತನಕ ಬಟನ್ ಮುಟ್ಟಬ್ಯಾಡ್ರಿ.

ಎರಡನೇದು ಬಿಸಿಲ್ಗುದುರೆ. ನಮ್ಮ ಕಡಿ ಎರೆ ನೆಲ ಮಧ್ಯಾಹ್ನ ಕಾದ ಹಂಚಿನಂಗ ಆಗ್ತದ. ನೆಲಕ್ಕ ಹತ್ತಿರದ ಗಾಳಿ ಕುದ್ದು ಬೆಳಕು ಬಾಗಿಸ್ತದ. ಅದರಾಗಿಂದ 80 ಮೀಟರ್ ನೋಡಿದ್ರ ಲಕ್ಷ ರೂಪಾಯಿ ಲೆನ್ಸೂ ಮಸುಕೇ ಕೊಡ್ತದ. ಶಟರ್ ಏರಿಸಿದ್ರೂ ಹೋಗಂಗಿಲ್ಲ, ಶಾರ್ಪನಿಂಗ್ ಹಾಕಿದ್ರ ಮತ್ತಷ್ಟು ಕೆಡ್ತದ. ಗುರುತು ಹಿಡಿಯೋದು ಸುಲಭ: ಒಂದೇ ಬರ್ಸ್ಟಿನಾಗ (ಬಟನ್ ಒತ್ತಿ ಹಿಡಿದು ಸಾಲಾಗಿ ತಗದ ಫೋಟೊ) ಒಂದು ಫ್ರೇಮ್ ಚೊಕ್ಕ, ಮುಂದಿನದು ಅಲೆ ಅಲೆ, ಗೋಲ್ ಕಂಬ ಸೊಟ್ಟ ಕಂಡ್ರ ಅದು ಫೋಕಸ್ ತಪ್ಪಲ್ಲ, ಗಾಳಿ. ದೂರದ ಶಾಟ್ ಎಲ್ಲಾ ಮುಂಜಾನಿ 10ರ ಒಳಗ ಮುಗಿಸ್ರಿ. 11ರ ಮ್ಯಾಲ 25 ಮೀಟರ್ ಒಳಗಿನದು ಮಾತ್ರ.

ಮೂರನೇದು ಶಟರ್. ಐಎಸ್‌ಒ 100 ಹಿಡ್ಕೊಂಡು ಕೂತು ವೇಗ ಕೊಂದೀರಿ. ಅದೇ ಬೆಳಕಿನಾಗ ಐಎಸ್‌ಒ 400 ಇಟ್ಟಿದ್ರ 1/2000 ಸಿಗ್ತಿತ್ತು. ಟ್ಯಾಕಲ್‌ಗೆ (ಚೆಂಡು ಹಿಡಿದವನನ್ನ ಕೆಡವೋದು) 1/1600 ಇಡ್ರಿ, ಸುಮ್ಮನ ಓಡೋದಕ್ಕ 1/1000 ಸಾಕು. ಅಷ್ಟು ವೇಗದಾಗ ವಿಆರ್ ಬ್ಯಾಡ. ಈ ಲೆನ್ಸ್ ಮ್ಯಾಲ ಅದರ ಸ್ವಿಚ್ ಇರಂಗಿಲ್ಲ, ಕ್ಯಾಮೆರಾ ಮೆನುವಿನಾಗ ಆಪ್ಟಿಕಲ್ ವಿಆರ್ ಆಫ್ ಮಾಡಬೇಕು.

ನಾಲ್ಕನೇದು ಎಎಫ್-ಎ, ಅಂದ್ರ ಫೋಕಸ್ ವಿಧಾನ ಕ್ಯಾಮೆರಾನೇ ಆರಿಸೋದು. ಆಟಗಾರ ಒಂದು ಕ್ಷಣ ನಿಂತ ಅಂದ್ರ ಅದು ಸಿಂಗಲ್‌ಗೆ ಹೋಗಿ ಫೋಕಸ್ ಲಾಕ್ ಮಾಡಿಬಿಡ್ತದ, ಅವ ಓಡಿದ ಮ್ಯಾಲ ಹಿಂದಿನ ಹುಲ್ಲು ಚೊಕ್ಕ, ಹುಡುಗ ಮಸುಕು. ಎಎಫ್-ಸಿ (ಬಿಡದಂಗ ಫೋಕಸ್ ಹಿಡಿಯೋದು) ಹಾಕ್ರಿ, ಡೈನಾಮಿಕ್ 9 ಪಾಯಿಂಟ್, ನಡುವಿನ ಪಾಯಿಂಟ್. ಆಟೊ ಏರಿಯಾ ಬಿಟ್ರ ಅದು ಹತ್ತಿರದ್ದನ್ನ ಹಿಡೀತದ, ಅಂದ್ರ ರೆಫ್ರೀ ಬೆನ್ನು.

ಹಳೇ_ಮಾನೊಪಾಡ್ (ಕಲಬುರಗಿ)

ಮೇಲಿನವರು ಹೇಳಿದ್ದಕ್ಕೆ ರಗ್ಬಿಯ ಕಡೆಯಿಂದ ಸ್ವಲ್ಪ ಸೇರಿಸುವೆ. ಸೆಟ್ಟಿಂಗ್‌ಗಿಂತ ನಿಲ್ಲುವ ಜಾಗ ಮುಖ್ಯ.

ರಗ್ಬಿಯಲ್ಲಿ ಕೈಯಿಂದ ಪಾಸ್ ಹಿಂದಕ್ಕೆ ಅಥವಾ ಪಕ್ಕಕ್ಕೇ ಹೋಗಬೇಕು, ಚೆಂಡು ಹಿಡಿದವನು ಮಾತ್ರ ಮುಂದಕ್ಕೆ ನುಗ್ಗುತ್ತಾನೆ. ಹಾಗಾಗಿ ಸೈಡ್‌ಲೈನ್‌ನ ನಡುವೆ ನಿಂತರೆ ಸಿಗುವುದು ಕಿವಿ ಮತ್ತು ಭುಜ. ಮುಖ ಬೇಕಾದರೆ ದಾಳಿ ಮಾಡುವ ತಂಡದ ಎದುರು, ಟ್ರೈ ಲೈನಿನ (ಅದರಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಟ್ರೈ, ಅಂದರೆ ಅಂಕ) ಆಚೆ, ಡೆಡ್‌ಬಾಲ್ ಗೆರೆಯ (ಮೈದಾನದ ಕೊನೆಯ ಗೆರೆ) ಹೊರಗೆ ಮೂಲೆಯಲ್ಲಿ ಕೂರಬೇಕು. ಸೆವೆನ್ಸ್‌ನಲ್ಲಿ ಪೂರ್ತಿ ಮೈದಾನಕ್ಕೆ ಏಳೇಳು ಜನ, ಖಾಲಿ ಜಾಗ ಅಂಚಿನಲ್ಲೇ ಇರುತ್ತದೆ. ಹೆಚ್ಚಿನ ಓಟ ಮೂಲೆಗೇ ಬರುತ್ತದೆ.

ಅರ್ಧ ಆಟ 7 ನಿಮಿಷ ಮಾತ್ರ. ವಿರಾಮ ಎರಡು ನಿಮಿಷ, ಆಮೇಲೆ ತುದಿ ಬದಲಾಗುತ್ತದೆ. ಸ್ಟೂಲ್, ಬ್ಯಾಗ್, ನೀರಿನ ಬಾಟಲಿ ಎಲ್ಲ ಹರಡಿಕೊಂಡರೆ ಆ ಎರಡು ನಿಮಿಷದಲ್ಲಿ ಇನ್ನೊಂದು ತುದಿ ಮುಟ್ಟುವುದಿಲ್ಲ. ಒಂದೇ ಮೂಲೆಯಲ್ಲಿ ಉಳಿದು ಮೊದಲರ್ಧ ಒಂದು ತಂಡ, ಎರಡನೆಯರ್ಧ ಇನ್ನೊಂದು ತಂಡ ತೆಗೆಯುವುದು ಜಾಣತನ. ಎರಡೂ ಮೂಲೆಗಳಲ್ಲಿ ಯಾವುದೆಂದರೆ, ಬೆನ್ನ ಹಿಂದೆ ಅಥವಾ ಪಕ್ಕಕ್ಕೆ ಸೂರ್ಯ ಇರುವುದು, ಎದುರಿಗೆ ನಿಲ್ಲಿಸಿದ ಬೈಕುಗಳ ಸಾಲು ಇಲ್ಲದಿರುವುದು. ಎರಡೂ ಒಟ್ಟಿಗೆ ಸಿಗದಿದ್ದರೆ ಹಿನ್ನೆಲೆಯನ್ನು ಆರಿಸಿ. ಎಫ್ 6.3ರಲ್ಲಿ ಹಿಂದಿನ ಗೋಡೆಬರಹ ಕರಗುವುದಿಲ್ಲ, ಓದಲು ಬರುತ್ತದೆ. ಮಂಡಿಯೂರಿ ಕೂತರೆ ಗೋಡೆ ಕೆಳಗಿಳಿದು ಆಕಾಶ ಸಿಗುತ್ತದೆ, ಆಟಗಾರನೂ ದೊಡ್ಡವನಾಗಿ ಕಾಣುತ್ತಾನೆ.

ಟ್ರೈ ಆಗುವಾಗ ಝೂಮ್ ಹಿಂದಕ್ಕೆ ಎಳೆಯಲು ಮರೆಯುವುದೇ ಹೆಚ್ಚು. 70 ಎಂಎಂನಲ್ಲಿ 10 ಮೀಟರಿಗೆ ಅಗಲ ಸುಮಾರು 3.4 ಮೀಟರ್ ಸಿಗುತ್ತದೆ, ಡೈವ್ ಹೊಡೆದ ಆಟಗಾರ, ಹಿಂದಿನಿಂದ ಕಾಲು ಹಿಡಿದವನು ಇಬ್ಬರೂ ಕೂರುತ್ತಾರೆ. ಅದಕ್ಕಿಂತ ಹತ್ತಿರವಾದರೆ ಕೈ ಕತ್ತರಿಸುತ್ತದೆ, ಚೆಂಡು ನೆಲ ಮುಟ್ಟುವ ಕೈಯೇ ಇಲ್ಲದ ಟ್ರೈ ಫೋಟೊ ಯಾರಿಗೂ ಬೇಡ. ಟ್ರೈ ಆದಮೇಲೆ ಕ್ಯಾಮೆರಾ ಇಳಿಸಬೇಡಿ. ಮುಂದಿನ ಐದು ಸೆಕೆಂಡಿನ ಮುಖಗಳನ್ನೇ ಕಾಲೇಜಿನವರು ಕೇಳುವುದು. ನಂತರದ ಕನ್ವರ್ಶನ್ (ಗೋಲ್ ಕಂಬಗಳ ನಡುವೆ ಒದೆಯುವ ಹೆಚ್ಚುವರಿ ಅಂಕದ ಕಿಕ್) ಸೆವೆನ್ಸ್‌ನಲ್ಲಿ ಡ್ರಾಪ್ ಕಿಕ್. ಚೆಂಡು ನೆಲಕ್ಕೆ ತಾಗಿ ಏಳುವ ಹೊತ್ತಿಗೆ ಒತ್ತಿ, ಕಾಲು ತಾಗಿದ ಮೇಲೆ ಒತ್ತಿದರೆ ಚೆಂಡು ಫ್ರೇಮಿನಲ್ಲೇ ಇರುವುದಿಲ್ಲ.

ಎಕ್ಸ್‌ಪೋಶರ್ ಮ್ಯಾನುಯಲ್ ಇಡಿ. ಕಪ್ಪು ನೆಲ ಫ್ರೇಮ್ ತುಂಬಿದಾಗ ಮೀಟರ್ ಮೋಸಹೋಗಿ ಬಿಳಿ ಜರ್ಸಿ ಸುಟ್ಟುಹೋಗುತ್ತದೆ. ನೆತ್ತಿಯ ಬಿಸಿಲಿಗೆ 1/1600, ಎಫ್ 6.3, ಐಎಸ್‌ಒ 250ರಿಂದ ಶುರು ಮಾಡಿ, ಪರದೆಯಲ್ಲಿ ಹೈಲೈಟ್ (ಸುಟ್ಟ ಬಿಳಿ ಭಾಗ) ಮಿಣುಕಿದರೆ ಮೂರನೇ ಒಂದು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ).

ಆಟ ಶುರುವಾಗುವ ಮುಂಚೆ ಎರಡೂ ತಂಡಗಳ ಆಟಗಾರರ ಪಟ್ಟಿಯ ಫೋಟೊ ತೆಗೆದಿಟ್ಟುಕೊಳ್ಳಿ. ಕ್ಯಾಪ್ಶನ್ ಬರೆಯುವಾಗ ಜರ್ಸಿ ನಂಬರಿನಿಂದ ಹೆಸರು ಸಿಗುತ್ತದೆ. ಶಾಲಾ ಮಕ್ಕಳ ಪಂದ್ಯವಾದರೆ ಹಂಚುವ ಮೊದಲು ಕೋಚ್ ಒಪ್ಪಿಗೆ ಕೇಳಿ.

ಕಾರಂಜಾ_ಪ್ಯಾನಿಂಗ್ (ಬೀದರ್)

ರೇಸಿನ ಬಗ್ಗೆ ನಾ ಹೇಳ್ತೀನಿ. ಇಲ್ಲಿ ಶಟರ್ ಲೆಕ್ಕ ಉಲ್ಟಾ. 1/1600 ಹಾಕಿದ್ರ ಗಾಲಿ ನಿಂತುಬಿಡ್ತಾವ, ಬೈಕ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದಂಗ ಕಾಣ್ತದ.

ತಾಸಿಗೆ 50 ಕಿ.ಮೀ. ಓಡೋ ಬೈಕ್ ಸೆಕೆಂಡಿಗೆ ಸುಮಾರು 14 ಮೀಟರ್ ಹೋಗ್ತದ. ನಿಮ್ಮ ಡಿ5600 ಸೆಕೆಂಡಿಗೆ 5 ಫ್ರೇಮ್. ಅಂದ್ರ ಎರಡು ಫ್ರೇಮ್ ನಡುವ ಬೈಕ್ 2.8 ಮೀಟರ್ ದಾಟಿರ್ತದ. ಬರ್ಸ್ಟ್ ನಂಬಿ ಕೂತ್ರ ಚೊಲೊ ಕ್ಷಣ ಎರಡು ಫ್ರೇಮಿನ ಸಂದಿನಾಗ ಬಿದ್ದು ಹೋಗ್ತದ. ತಿರುವಿನ ಒಂದು ಕಲ್ಲೋ ಟೈರೋ ಗುರುತು ಮಾಡ್ಕೊಂಡು ಅಲ್ಲಿ ಬಂದಾಗ ಮೊದಲ ಫ್ರೇಮ್ ಬೀಳಂಗ ಒತ್ತ್ರಿ.

ಎದುರಿಗಿ ಬರೋ ಬೈಕಿಗೆ 1/500, ಓರೆಯಾಗಿ ಬಂದ್ರ 1/320, ಪಕ್ಕದಿಂದ ಪ್ಯಾನ್ ಮಾಡೋದಕ್ಕ (ಬೈಕಿನ ಸಂಗಡ ಕ್ಯಾಮೆರಾ ತಿರುಗಿಸೋದು) 1/200ರಿಂದ ಶುರು. ಡಾಂಬರ್ ಟ್ರ್ಯಾಕಿಗೆ 1/60 ಅಂತ ಓದಿರ್ತೀರಿ, ಅದು ಮಣ್ಣಿನಾಗ ನಡಿಯಂಗಿಲ್ಲ. ಬೈಕ್ ಅಡ್ಡಕ್ಕ ಹೋಗೋದರ ಜೊತಿಗಿ ಮ್ಯಾಲ ಕೆಳಗ ಕುಣೀತದ, ನೀವು ಅಡ್ಡಕ್ಕ ಎಷ್ಟು ಚೊಲೊ ತಿರುಗಿದ್ರೂ ಸವಾರನ ಹೆಲ್ಮೆಟ್ ಮ್ಯಾಲ ಕೆಳಗ ಅಲುಗಿರ್ತದ. 1/200ರಾಗ ಹತ್ತಕ್ಕ ಐದು ಚೊಕ್ಕ ಬಂದ ಮ್ಯಾಲ 1/125ಕ್ಕ ಇಳೀರಿ. ಜಂಪ್ ಇದ್ರ ಅದರ ತುದಿ ಸುಲಭ: ಬೈಕ್ ಏರೋದು ನಿಂತು ಇಳಿಯೋದು ಶುರುವಾಗೋ ಗಳಿಗಿಯಾಗ ಮ್ಯಾಲ ಕೆಳಗಿನ ಚಲನೆ ಇರಂಗಿಲ್ಲ. ಪ್ಯಾನ್ ಮಾಡುವಾಗ ವಿಆರ್ ಮತ್ತ ಆನ್ ಮಾಡ್ರಿ. ಮಾನೊಪಾಡ್ ಮನಿಯಾಗ ಬಿಡ್ರಿ, ಸೊಂಟದಿಂದ ತಿರುಗಬೇಕು, ಪಾದ ಬೈಕ್ ಹಾದು ಹೋಗೋ ಜಾಗದ ಕಡಿ ಇರಬೇಕು.

ಈಗ ಧೂಳು. ಮುಂದಿನ ಬೈಕಿಗಿ ಧೂಳಿಲ್ಲ, ಹಿಂದಿನ ಐದು ಬೈಕ್ ಮೋಡದಾಗ. ಅದಕ್ಕ ಗಾಳಿ ಬರೋ ಕಡಿ ನಿಲ್ಲಬೇಕು, ಒಂದು ಹಿಡಿ ಮಣ್ಣು ಬಿಟ್ಟು ನೋಡಿದ್ರ ತಿಳೀತದ. ಇಲ್ಲೊಂದು ತೊಡಕು ಅದ. ಚಳಿಗಾಲದಾಗ ನಮ್ಮ ಕಡಿ ಗಾಳಿ ಹೆಚ್ಚಾಗಿ ಮೂಡಣದಿಂದ, ಸಂಜಿ ಸೂರ್ಯ ಪಡುವಣಕ್ಕ. ಧೂಳು ತಪ್ಪಿಸಿ ಮೂಡಣಕ್ಕ ನಿಂತ್ರ ಸೂರ್ಯ ಎದುರಿಗಿ. ಅಂಜಬ್ಯಾಡ್ರಿ, ಧೂಳಿನ ಹಿಂದ ಬಿಸಿಲು ಬಿದ್ರ ಬಂಗಾರ ಉರಿದಂಗ ಬರ್ತದ. ಸವಾರ ಕಪ್ಪಾಗದಂಗ ಒಂದು ಸ್ಟಾಪ್ ಏರಿಸ್ರಿ, ಲೆನ್ಸ್ ಹುಡ್ ಹಾಕ್ರಿ. ಮಾರ್ಚ್ ಮೊದಲ ವಾರ ಸೂರ್ಯ ಮುಳುಗೋದು ಸುಮಾರು ಆರೂವರಿಗಿ, ಹಂಗಾಗಿ 5.30ರಿಂದ 6.15 ನಿಮ್ಮ ಹೊತ್ತು. ಮುಳುಗಿದ ಮ್ಯಾಲ ಎಫ್ 6.3 ಲೆನ್ಸಿಗಿ ಫ್ರೀಜ್ ಮಾಡೋ ಆಸೆ ಬ್ಯಾಡ, ಪ್ಯಾನಿಂಗ್ ಒಂದೇ ಉಳಿಯೋದು.

ವೈಟ್ ಬ್ಯಾಲನ್ಸ್ ಆಟೊ ಇಡಬ್ಯಾಡ್ರಿ. ಜಂಬಿಟ್ಟಿಗೆ ಕೆಂಪು ಫ್ರೇಮ್ ತುಂಬಿದ್ರ ಕ್ಯಾಮೆರಾ ಅದನ್ನ ತಣ್ಣಗ ಮಾಡಾಕ ಹೋಗಿ ಮುಖ ನೀಲಿ ಮಾಡ್ತದ. ಡೈರೆಕ್ಟ್ ಸನ್‌ಲೈಟ್ ಹಾಕಿಬಿಡ್ರಿ.

ನಿಲ್ಲೋ ಜಾಗ: ತಿರುವಿನ ಹೊರಮಗ್ಗಲ ಎಂದೂ ನಿಲ್ಲಬ್ಯಾಡ್ರಿ, ಜಾರಿದ ಬೈಕ್ ಅಲ್ಲಿಗೇ ಬರ್ತದ. ಒಳಮಗ್ಗಲ, ತಡೆಯ ಹಿಂದ, ಓಡಾಕ ಹಿಂದ ದಾರಿ ಇರೋ ಕಡಿ. ಒಂದು ಕಣ್ಣು ವ್ಯೂಫೈಂಡರ್‌ನಾಗ, ಇನ್ನೊಂದು ತೆರೆದಿರಬೇಕು. ಮಾರ್ಷಲ್ ಹಳದಿ ಬಾವುಟ ಬೀಸಿದ್ರ ಮುಂದ ಯಾರೋ ಬಿದ್ದಾರ ಅಂತ ಅರ್ಥ, ಫೋಟೊಕ್ಕಂತ ಅತ್ತ ಓಡಬ್ಯಾಡ್ರಿ. ಫ್ಲ್ಯಾಶ್ ಅಂತೂ ಸವಾರನ ಕಣ್ಣಿಗಿ ಹೊಡೀತದ, ಬೇಡವೇ ಬೇಡ.

ಭೀಮಾತೀರ_ಕ್ಲಿಕ್ (ಕಲಬುರಗಿ)

ಬಾಳ ಉಪಕಾರ ಆಯ್ತ್ರಿ. ಎರಡು ಸಂಶಯ. ಬ್ಯಾಕ್ ಬಟನ್ ಫೋಕಸ್ (ಶಟರ್ ಬಟನ್ ಬಿಟ್ಟು ಹಿಂದಿನ ಬಟನ್ನಿನಿಂದ ಫೋಕಸ್ ಮಾಡೋದು) ಹಾಕಬೇಕಾ? ಮತ್ತ 4 ಗಂಟಿ ಬಿಸಿಲಿನಾಗ 1/125 ಇಟ್ಟು ನೋಡಿದೆ, ಎಫ್ 16 ದಾಟ್ತದ, ಆಕಾಶದಾಗ ಕಪ್ಪು ಚುಕ್ಕಿ ಬರ್ತಾವ.

ಹಳೇ_ಮಾನೊಪಾಡ್ (ಕಲಬುರಗಿ)

ರಗ್ಬಿಗೆ ಹಾಕಿ. ರೆಫ್ರೀ ಅಡ್ಡ ಬಂದಾಗ ಹೆಬ್ಬೆರಳು ಎತ್ತಿದರೆ ಫೋಕಸ್ ಅಲ್ಲೇ ನಿಲ್ಲುತ್ತದೆ. ಕಸ್ಟಮ್ ಸೆಟ್ಟಿಂಗ್‌ನಲ್ಲಿ ಎಇ-ಎಲ್/ಎಎಫ್-ಎಲ್ ಬಟನ್‌ಗೆ ಎಎಫ್-ಆನ್ ಕೊಡಿ. ಆದರೆ ಪಂದ್ಯದ ದಿನ ಹೊಸದಾಗಿ ಶುರು ಮಾಡಬೇಡಿ, ಬೆರಳಿಗೆ ರೂಢಿಯಾಗಲು ಒಂದು ವಾರ ಬೀದಿಯ ಆಟೋಗಳ ಮೇಲೆ ಅಭ್ಯಾಸ ಬೇಕು.

ಎರೆಮಣ್ಣು (ಯಾದಗಿರಿ)

ನನ್ನ ಅಭಿಪ್ರಾಯ ಬ್ಯಾರೆ. ವಾರದಾಗ ಕೆಲಸ ಅದ ಅಂದ್ರ ಬ್ಯಾಕ್ ಬಟನ್ ಬಿಡ್ರಿ, ಅರ್ಧ ಒತ್ತಿದ ಶಟರೇ ಸಾಕು. ಗಡಿಬಿಡಿಯಾಗ ಹೆಬ್ಬೆರಳು ಮರೆತ್ರ ಇಡೀ ಟ್ರೈ ಮಸುಕು. ಅದಕ್ಕಿಂತ ಜೆಪಿಇಜಿ ಫೈನ್‌ಗೆ ಹೋಗ್ರಿ, ರಾ (ದೊಡ್ಡ ಕಚ್ಚಾ ಫೈಲ್) ಹಚ್ಚಿದ್ರ ಬಫರ್ (ಕ್ಯಾಮೆರಾದ ತಾತ್ಕಾಲಿಕ ಮೆಮೊರಿ) ತುಂಬಿ ಟ್ಯಾಕಲ್ ನಡುವ ಕ್ಯಾಮೆರಾ ಕೂತುಬಿಡ್ತದ. ಕಾರ್ಡ್ ಯುಎಚ್‌ಎಸ್-1 ಸಾಕು, ಈ ಕ್ಯಾಮೆರಾಕ್ಕ ಯುಎಚ್‌ಎಸ್-2 ಕೊಂಡ್ರ ರೊಕ್ಕ ಹೋಗ್ತದ, ವೇಗ ಬರಂಗಿಲ್ಲ.

ಕಾರಂಜಾ_ಪ್ಯಾನಿಂಗ್ (ಬೀದರ್)

ಚುಕ್ಕಿ ಅಂದ್ರ ಸೆನ್ಸರ್ ಮ್ಯಾಲಿನ ಧೂಳು, ಸಣ್ಣ ಅಪರ್ಚರಿನಾಗ ಎದ್ದು ಕಾಣ್ತದ. 58 ಎಂಎಂ ಎನ್‌ಡಿ8 ಫಿಲ್ಟರ್ ಒಂದು ತಗೋರಿ, ಮೂರು ಸ್ಟಾಪ್ ಕಡಿಮಿ ಮಾಡ್ತದ, ಎಫ್ 16 ಇದ್ದದ್ದು ಎಫ್ 5.6ಕ್ಕ ಬರ್ತದ. ಬಿಸಿಲಿನಾಗ ಫೋಕಸಿಗಿ ಏನೂ ತೊಂದ್ರಿ ಆಗಂಗಿಲ್ಲ. 5.30ರ ಮ್ಯಾಲ ಬಿಚ್ಚಿಬಿಡ್ರಿ.

ಟ್ರ್ಯಾಕ್ ಮ್ಯಾಲ ಲೆನ್ಸ್ ಬದಲಿ ಮಾಡಬ್ಯಾಡ್ರಿ. ಈ ಝೂಮ್ ಉದ್ದ ಆಗುವಾಗ ಪಂಪಿನಂಗ ಗಾಳಿ ಎಳೀತದ, ಅದರ ಸಂಗಡ ಕೆಂಪು ಹುಡಿನೂ ಒಳಗ ಹೋಗ್ತದ. ಪಾಲಿಥಿನ್ ಚೀಲಕ್ಕ ತೂತು ಮಾಡಿ ಹುಡ್ ಹತ್ರ ರಬ್ಬರ್ ಬ್ಯಾಂಡ್ ಹಾಕ್ರಿ. ಮನಿಗಿ ಬಂದು ಮೊದಲು ಬ್ಲೋವರ್, ಆಮ್ಯಾಲ ಮೆತ್ತನ ಬ್ರಷ್, ಕಡೀಕ ಬಟ್ಟಿ. ಹುಡಿ ಇದ್ದಾಗಲೇ ಬಟ್ಟಿ ಹಚ್ಚಿ ಒರೆಸಿದ್ರ ಗಾಜಿನ ಮ್ಯಾಲ ಉಪ್ಪಿನ ಕಾಗದ ತಿಕ್ಕಿದಂಗ. ಬ್ಲೋವರ್ ಹೊಡೆಯೋ ಮೊದಲು ಝೂಮ್ 70ಕ್ಕ ತಂದು ಲೆನ್ಸ್ ಮೋತಿ ಕೆಳಗ ಮಾಡ್ರಿ, ಇಲ್ಲಂದ್ರ ಊದಿದ ಧೂಳು ಮತ್ತ ಒಳಗೇ ಹೋಗ್ತದ.