ರಿಯೊಕಾನ್‌ನಲ್ಲಿ ಒಂದು ರಾತ್ರಿ: ಸಸ್ಯಾಹಾರಿ ಅಪ್ಪ-ಅಮ್ಮನ ಜೊತೆ ಹೋಗಬಹುದಾ?

ಮೈಸೂರಿನಿಂದ ಪ್ರಶ್ನೆ

ಏಪ್ರಿಲ್ ಮೊದಲ ವಾರ ಅಪ್ಪ, ಅಮ್ಮ, ನಾನು, ನನ್ನ ಹೆಂಡತಿ ಜಪಾನಿಗೆ ಹೊರಟಿದ್ದೇವೆ. ಟೋಕಿಯೊ, ಕ್ಯೋಟೊ ಎರಡರಲ್ಲೂ ಮಾಮೂಲಿ ಹೋಟೆಲ್ ಬುಕ್ ಆಗಿದೆ. ನಡುವೆ ಒಂದು ರಾತ್ರಿ ರಿಯೊಕಾನ್‌ನಲ್ಲಿ, ಅಂದರೆ ಅವರ ಹಳೇ ಪದ್ಧತಿಯ ವಸತಿಗೃಹದಲ್ಲಿ, ಉಳಿಯಬೇಕು ಅಂತ ಹೆಂಡತಿಗೆ ಆಸೆ. ನಮ್ಮ ಮನೆಯಲ್ಲಿ ಮೊಟ್ಟೆಯೂ ಇಲ್ಲ. ಅಪ್ಪನಿಗೆ ಮಂಡಿ ನೋವು, ನೆಲದ ಮೇಲೆ ಕೂತರೆ ಏಳೋದು ಕಷ್ಟ. ಎಲ್ಲರೆದುರು ಬಟ್ಟೆ ಬಿಚ್ಚಿ ಸ್ನಾನ ಮಾಡಬೇಕಂತೆ ಅಂತ ಕೇಳಿ ಅಮ್ಮ ಈಗಲೇ ಬೇಡ ಅಂತಿದ್ದಾರೆ. ತಲೆಗೆ 25,000 ಯೆನ್ ಹೇಳ್ತಿದ್ದಾರೆ. ಅಷ್ಟು ಕೊಟ್ಟು ಹೋಗಬಹುದಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಯೊಕೊಹಾಮದಿಂದ

ಮೊದಲು ಊಟದ ವಿಷಯ ಇತ್ಯರ್ಥ ಮಾಡಿಕೊಳ್ಳಿ ಸರ್, ಮಿಕ್ಕಿದ್ದೆಲ್ಲ ಆಮೇಲೆ. ರಿಯೊಕಾನ್‌ನಲ್ಲಿ ಸಾಮಾನ್ಯವಾಗಿ ರೂಮಿಗೆ ಇಷ್ಟು ಅಂತಲ್ಲ, ತಲೆಗೆ ಇಷ್ಟು ಅಂತ ಲೆಕ್ಕ. ರಾತ್ರಿಯೂಟ, ಬೆಳಗಿನ ತಿಂಡಿ ಅದರಲ್ಲೇ ಸೇರಿರುತ್ತೆ. ನೀವು ಕೊಡುವ ದುಡ್ಡಲ್ಲಿ ದೊಡ್ಡ ಪಾಲು ಆ ರಾತ್ರಿಯೂಟಕ್ಕೇ ಹೋಗುತ್ತೆ.

ಕಣ್ಣಿಗೆ ಕಾಣುವ ಮೀನು, ಮಾಂಸ ತೆಗೆಸೋದು ಸುಲಭ. ತೊಡಕಿರೋದು ದಾಶಿಯಲ್ಲಿ. ಹೊಗೆಯಲ್ಲಿ ಒಣಗಿಸಿದ ಬೊನಿಟೊ ಮೀನನ್ನು ತೆಳ್ಳಗೆ ಹೆರೆದು, ಕೊಂಬು ಅನ್ನುವ ಕಡಲಪಾಚಿಯ ಜೊತೆ ಬಿಸಿನೀರಲ್ಲಿ ಹಾಕಿ ತೆಗೆಯುವ ತಿಳಿಸಾರು ಅದು. ಮಿಸೊ ಸೂಪು, ಬೇಯಿಸಿದ ತರಕಾರಿ, ಸೋಬಾ ನೂಡಲ್ಸ್ ಅದ್ದಿ ತಿನ್ನುವ ಸಾಸು, ಟೆಂಪುರಾ ಅನ್ನುವ ಬಜ್ಜಿಯಂಥ ತಿಂಡಿಯ ಜೊತೆ ಕೊಡುವ ರಸ, ಎಲ್ಲದರ ತಳದಲ್ಲೂ ಸಾಮಾನ್ಯವಾಗಿ ಇದೇ ಇರುತ್ತೆ. ಬರೀ ಕುಂಬಳಕಾಯಿ ಹೋಳು ಕಂಡರೂ ಅದು ಬೆಂದಿರೋದು ಮೀನಿನ ಸಾರಲ್ಲಿ. ಅಡುಗೆಯವರಿಗೆ ಅದು ಮೀನು ಅನ್ನೋದೇ ತಲೆಗೆ ಹೊಳೆಯಲ್ಲ, ನಮಗೆ ಸಾಸಿವೆ ಒಗ್ಗರಣೆ ಇದ್ದ ಹಾಗೆ ಅದು.

ಹಾಗಾಗಿ ‘ವೆಜಿಟೇರಿಯನ್’ ಅಂತ ಒಂದೇ ಪದ ಬರೆದು ಸುಮ್ಮನಾಗಬೇಡಿ. ಮಾಂಸ, ಕೋಳಿ, ಮೀನು, ಸೀಗಡಿ, ಮೊಟ್ಟೆ, ಮೀನಿನ ದಾಶಿ ಬೇಡ. ಕೊಂಬು ಮತ್ತು ಶಿಟಾಕೆ ಅಣಬೆಯ ದಾಶಿ ಆಗುತ್ತೆ. ಹಾಲು, ಮೊಸರು ಆಗುತ್ತೆ ಅಂತ ಬಿಡಿಸಿ, ಜಪಾನಿ ಭಾಷೆಯಲ್ಲೇ ಬರೆದು, ದುಡ್ಡು ಕಟ್ಟುವ ಮೊದಲೇ ಕೇಳಿ. ಆ ದಿನದ ಅಡುಗೆಗೆ ಸಾಮಾನು ಮೊದಲೇ ತಂದಿಟ್ಟಿರುತ್ತಾರೆ, ಅಲ್ಲಿ ಹೋಗಿ ನಿಂತು ಬದಲಾಯಿಸಿ ಅಂದರೆ ಅವರಿಗೂ ಸಂಕಟ. ಆಗಲ್ಲ ಅಂತ ಉತ್ತರ ಬಂದರೆ ಬೇಜಾರಾಗಬೇಡಿ. ಒಪ್ಪಿಕೊಂಡು ಅರ್ಧಂಬರ್ಧ ಮಾಡುವವರಿಗಿಂತ ಇವರು ವಾಸಿ.

ಮಂಗಳೂರಿನಿಂದ

ನಾನು ಮೀನು ತಿನ್ನುವವನು, ಹಾಗಾಗಿ ನನಗೆ ಆ ಊಟವೇ ಹಬ್ಬ. ಕೈಸೆಕಿ ಅಂತ ಹೇಳ್ತಾರೆ. ಅಂಗೈಯಗಲದ ಬಟ್ಟಲುಗಳಲ್ಲಿ ಒಂದಾದ ಮೇಲೊಂದು ಬರ್ತದೆ: ಹಸಿ ಮೀನು, ಸುಟ್ಟದ್ದು, ಬೇಯಿಸಿದ್ದು, ಕರಿದದ್ದು, ಕೊನೆಗೆ ಅನ್ನ, ಸೂಪು, ಉಪ್ಪಿನಕಾಯಿ. ಬೆಳಗ್ಗೆ ಏಳುವಾಗ ಮತ್ತೆ ಸುಟ್ಟ ಮೀನು! ಆದರೆ ಮಾರಾಯ್ರೆ, ನಿಮ್ಮ ಜಾಗದಲ್ಲಿ ನಾನಿದ್ದರೆ ಅದಕ್ಕೆ ನಾಲ್ಕು ಜನಕ್ಕೆ 1 ಲಕ್ಷ ಯೆನ್ ಕೊಡುವುದಿಲ್ಲ. ಮುಖ್ಯವಾದದ್ದೆಲ್ಲ ತೆಗೆಸಿ ಉಳಿದದ್ದನ್ನು ತಿನ್ನುವುದೆಂತಕ್ಕೆ? ಊಟ ಇಲ್ಲದೆ ಬರೀ ಕೋಣೆ ಕೊಡುವ ಲೆಕ್ಕ ಕೆಲವು ಕಡೆ ಉಂಟು, ಸುದೊಮಾರಿ ಅಂತ. ಬೆಲೆ ಎಷ್ಟೋ ಕಡಿಮೆ. ಒಂದು ಎಚ್ಚರಿಕೆ: ಬಿಸಿನೀರ ಬುಗ್ಗೆಯ ಊರುಗಳಲ್ಲಿ ಅಂಗಡಿ, ಹೋಟೆಲು ಬೇಗ ಬಾಗಿಲು ಹಾಕ್ತವೆ. ತಿನ್ನಲಿಕ್ಕೆ ಬೇಕಾದ್ದನ್ನು ಮಧ್ಯಾಹ್ನವೇ ಕಟ್ಟಿಸಿಕೊಳ್ಳಿ, ಕೋಣೆಯಲ್ಲಿ ತಿನ್ನಬಹುದಾ ಅಂತ ಮೊದಲೇ ಕೇಳಿ.

ಧಾರವಾಡದಿಂದ

ಇಷ್ಟೆಲ್ಲಾ ಯಾಕ ತಲಿ ಕೆಡಿಸ್ಕೋತೀರಿ? ಕೋಯಾಸಾನ್‌ಗ ಹೋಗ್ರಿ. 816ರೊಳಗ ಕೂಕಾಯ್ ಅನ್ನೋ ಬೌದ್ಧ ಗುರು ಶುರು ಮಾಡಿದ ಕ್ಷೇತ್ರ ಅದು, ಸುಮಾರು 800 ಮೀಟರ್ ಎತ್ತರದ ಗುಡ್ಡದ ಮ್ಯಾಲೆ. ನೂರಕ್ಕ ಮ್ಯಾಲೆ ಗುಡಿ ಅದಾವ, ಅದರಾಗ ಐವತ್ತರಷ್ಟು ಗುಡಿಯೊಳಗ ಯಾತ್ರಿಕರಿಗೆ ರಾತ್ರಿ ಇರಾಕ ಕೊಡ್ತಾರ. ಶುಕುಬೊ ಅಂತಾರ. ಕೋಣಿ, ತತಾಮಿ ಚಾಪಿ, ಹಾಸಿಗಿ ಎಲ್ಲಾ ರಿಯೊಕಾನ್ ಹಂಗನ, ಊಟ ಮಾತ್ರ ಶೋಜಿನ್ ರಿಯೋರಿ. ಮಾಂಸ ಇಲ್ಲ, ಮೀನಿಲ್ಲ, ಉಳ್ಳಾಗಡ್ಡಿ ಬಳ್ಳೊಳ್ಳಿ ಸುದ್ದಾ ಇಲ್ಲ. ನಮ್ಮವ್ವ ಏನೂ ಕೇಳದ ಉಂಡಿದ್ದು ಇಡೀ ಜಪಾನಿನಾಗ ಅಲ್ಲೊಂದ ಕಡೆ. ಎಳ್ಳಿನಿಂದ ಮಾಡಿದ ಗೋಮಾ-ದೋಫು ಅಂತೂ ಭಾಳ ಚಲೋ ಇರ್ತದ. ಖಾರ ಮಾತ್ರ ಹುಡುಕಬ್ಯಾಡ್ರಿ, ಚಟ್ನಿಪುಡಿ ಚೀಲದಾಗ ಇರಲಿ.

ಮುಂಜಾನೆ ಆರು, ಆರೂವರಿಗೆ ಪೂಜಿ ಇರ್ತದ. ಕೆಲವು ಗುಡಿಯೊಳಗ ಅಗ್ನಿ ಹಾಕಿ ಮಂತ್ರ ಹೇಳಿ ಕಟ್ಟಿಗಿ ಅರ್ಪಿಸ್ತಾರ. ಅದು ಭಾರತದ ಹೋಮನ, ಚೀನಾದ ಮ್ಯಾಲಿಂದ ಹೋಗಿ ಮುಟ್ಟಿದ್ದು. ನಿಮ್ಮ ಅಪ್ಪಾರಿಗೆ ಸೇರ್ತದ ನೋಡ್ರಿ.

ಹೋಗೂದು ಒಸಾಕಾದ ನಂಬಾದಿಂದ ನಾನ್ಕಾಯ್ ರೈಲಿಗೆ, ಆಮ್ಯಾಲೆ ಕೇಬಲ್ ಕಾರು, ಕಡೀಕ ಬಸ್ಸು. ಏಪ್ರಿಲ್‌ನಾಗೂ ಥಂಡಿ ಭಾಳ ಇರ್ತದ. ಭಾಳ ಗುಡಿಯೊಳಗ ಸ್ನಾನದ ಮನಿ, ಪಾಯಖಾನಿ ಕೋಣಿ ಹೊರಗ ಇರ್ತಾವ. ಮಂಡಿ ನೋವಿನವರಿಗೆ ರಾತ್ರಿ ಅದೊಂದು ತ್ರಾಸ. ಒಳಗ ಇರೋ ಕೋಣಿನ ಕೇಳಿ ತಗೋರಿ, ರೊಕ್ಕ ಜಾಸ್ತಿ ಆದ್ರೂ ಅಡ್ಡಿಯಿಲ್ಲ.

ಬೆಂಗಳೂರಿನಿಂದ

ಸ್ನಾನದ ಬಗ್ಗೆ ಹೆಂಗಸರ ಕಡೆಯಿಂದ ನಾನು ಹೇಳ್ತೀನಿ, ಅಮ್ಮನಿಗೆ ಓದಿ ಹೇಳಿ. ರಿಯೊಕಾನ್‌ಗಳಲ್ಲಿ ಸಾಮಾನ್ಯವಾಗಿ ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಕೊಳ. ಒಳಗೆ ಬಟ್ಟೆ ಇಲ್ಲ ಅನ್ನೋದು ನಿಜ, ಈಜುಡುಗೆ ಹಾಕೋ ಹಾಗೂ ಇಲ್ಲ. ಆದರೆ ಯಾರೂ ಯಾರನ್ನೂ ನೋಡಲ್ಲ. ನಮ್ಮಲ್ಲಿ ಮದುವೆಮನೆಯ ಡ್ರೆಸ್ಸಿಂಗ್ ರೂಮಲ್ಲಿ ಆಗುವಷ್ಟು ವಿಚಾರಣೆಯೂ ಅಲ್ಲಿಲ್ಲ! ಪುಟ್ಟ ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ಪೂರ್ತಿ ತೊಳೆದುಕೊಂಡ ಮೇಲೇ ಕೊಳಕ್ಕೆ ಇಳಿಯೋದು. ಕೂದಲು ಮೇಲೆ ಕಟ್ಟಬೇಕು, ಕೈಯಲ್ಲಿರೋ ಸಣ್ಣ ಟವೆಲ್ ನೀರಿಗೆ ತಾಗಬಾರದು. ಕೆಲವು ಕಡೆ ರಾತ್ರಿ ಹೆಂಗಸರದ್ದಾಗಿದ್ದ ಕೊಳ ಬೆಳಗ್ಗೆ ಗಂಡಸರದ್ದಾಗಿರುತ್ತೆ, ಹಾಗಾಗಿ ಪ್ರತಿ ಸಲ ಬಾಗಿಲ ಪರದೆ ನೋಡಿಯೇ ಒಳಗೆ ಹೋಗಿ.

ಇಷ್ಟಾದರೂ ಅಮ್ಮ ಒಪ್ಪದಿದ್ದರೆ ಒತ್ತಾಯ ಬೇಡ. ಕಾಶಿಕಿರಿ ಅಂತ ಇದೆ: ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಒಂದು ಸಣ್ಣ ಕೊಳ ಪೂರ್ತಿ ನಿಮ್ಮದೇ, ಚಿಲಕ ಹಾಕ್ಕೋಬಹುದು. ಕೆಲವು ಕಡೆ ಬಿಟ್ಟಿ, ಕೆಲವು ಕಡೆ ದುಡ್ಡು. ಅಪ್ಪ-ಅಮ್ಮ ಇಬ್ಬರೇ ಹೋಗಬಹುದು, ಮಂಡಿಗೂ ಹಿತ. ನೀರು ಸುಮಾರು 40ರಿಂದ 42 ಡಿಗ್ರಿ ಇರುತ್ತೆ, ಬಿ.ಪಿ. ಇದ್ದರೆ ಡಾಕ್ಟರನ್ನು ಕೇಳಿ, ಐದೋ ಹತ್ತೋ ನಿಮಿಷಕ್ಕೆ ಎದ್ದುಬಿಡಲಿ. ಮೈಮೇಲೆ ಹಚ್ಚೆ ಇದ್ದವರನ್ನು ಸಾರ್ವಜನಿಕ ಕೊಳಕ್ಕೆ ಬಿಡದ ಜಾಗಗಳಿವೆ. ಹಳೇ ಕಾಲದ ಅಜ್ಜಿಯರ ಕೈಹಚ್ಚೆ ಅಂದರೂ ಅವರಿಗೆ ವ್ಯತ್ಯಾಸ ಗೊತ್ತಾಗಲ್ಲ.

ಸ್ನಾನದ ಮೇಲೆ ಯುಕಾತಾ, ಅಂದರೆ ಅವರ ಹತ್ತಿಯ ನಿಲುವಂಗಿ, ಉಡುವಾಗ ಎಡ ಅಂಚು ಬಲದ ಮೇಲೆ ಬರಲಿ. ಬಲ ಮೇಲೆ ಬಂದರೆ ಅದು ಹೆಣಕ್ಕೆ ಉಡಿಸೋ ರೀತಿ.

ಯೊಕೊಹಾಮದಿಂದ ಮತ್ತೆ

ಮಂಡಿ ನೋವಿಗೆ: ‘ವಾಯೋಶಿತ್ಸು’ ರೂಮು ಹುಡುಕಿ. ಅರ್ಧ ತತಾಮಿ, ಅರ್ಧ ಮಂಚ. ಊಟವೂ ಮೇಜು-ಕುರ್ಚಿಯಲ್ಲಿ ಬೇಕು ಅಂತ ಬರೆಯಿರಿ. ನೆಲದ ಹಾಸಿಗೆ ನಿಮಗಿಬ್ಬರಿಗೆ ಸಾಕು.

ಮೈಸೂರಿನಿಂದ

ಎಲ್ಲರಿಗೂ ಧನ್ಯವಾದ. ಕೋಯಾಸಾನ್ ಅಂದ ತಕ್ಷಣ ಅಪ್ಪ ಎದ್ದು ಕೂತರು. ಆದರೆ ಹೆಂಡತಿಗೆ ಬಿಸಿನೀರ ಬುಗ್ಗೆಯೇ ಬೇಕು, ಹಕೋನೆ ಅಂತಿದ್ದಾಳೆ. ಎರಡೂ ಆಗುತ್ತಾ?

ಧಾರವಾಡದಿಂದ

ಆಗ್ತದ ತಗೋರಿ. ಹಕೋನೆ ಟೋಕಿಯೊದಿಂದ ಕ್ಯೋಟೊಗ ಹೋಗೋ ಹಾದಿಯಾಗನ ಅದ. ಒದಾವರಾ ಸ್ಟೇಷನ್‌ನಾಗ ಇಳೀರಿ, ನೊಜೊಮಿ ಅನ್ನೋ ಶಿಂಕಾನ್‌ಸೆನ್ (ಬುಲೆಟ್ ರೈಲು) ಅಲ್ಲಿ ನಿಲ್ಲೂದಿಲ್ಲ, ಕೊದಾಮಾ ಅನ್ನೋದನ್ನ ಹತ್ತರಿ. ಹಕೋನೆಯಾಗ ಊಟ ಇಲ್ಲದ ಕೋಣಿ, ಕಾಶಿಕಿರಿ ಸ್ನಾನ. ಆಮ್ಯಾಲೆ ಕ್ಯೋಟೊದಿಂದ ಒಂದು ರಾತ್ರಿ ಕೋಯಾಸಾನ್. ಗುಡಿಯೊಳಗ ಊಟ ಐದೂವರಿ, ಆರಕ್ಕೆಲ್ಲಾ ಬಡಿಸ್ತಾರ. ನಾಲ್ಕರೊಳಗ ಮುಟ್ಟರಿ, ತಡಾ ಆದ್ರ ಊಟ ತಪ್ತದ.

ಯೊಕೊಹಾಮದಿಂದ

ದೊಡ್ಡ ಸೂಟ್‌ಕೇಸು ಹಕೋನೆಗೆ ಎಳೆದುಕೊಂಡು ಹೋಗಬೇಡಿ. ಟೋಕಿಯೊ ಹೋಟೆಲಿನ ಕೌಂಟರಲ್ಲಿ ತಕ್ಯೂಬಿನ್ ಅಂತ ಕೇಳಿ, ಕ್ಯೋಟೊ ಹೋಟೆಲಿಗೆ ಸಾಮಾನ್ಯವಾಗಿ ಮರುದಿನವೇ ತಲುಪಿಸುತ್ತಾರೆ. ಒಂದಕ್ಕೆ ಸುಮಾರು 2,000ದಿಂದ 3,000 ಯೆನ್. ಅಪ್ಪನ ಮಾತ್ರೆ ಮಾತ್ರ ಕೈಚೀಲದಲ್ಲೇ ಇರಲಿ.