ಸಹಾಯ ಬೇಕು: ನನ್ನ ಗೆರೆ ಉಳಿಸಿಕೊಂಡು ಎಐ ಬಳಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಬಟ್ಟೆ ಪ್ರಿಂಟ್‌ಗೆ ಬ್ರಷ್‌ನಲ್ಲಿ ಹೂಬಳ್ಳಿ ಬರೀತೀನಿ. ಅದನ್ನ ಸ್ಟೇಬಲ್ ಡಿಫ್ಯೂಷನ್‌ಗೆ (ಚಿತ್ರ ಮಾಡೋ ಎಐ) ಕೊಟ್ಟು ಹೊಸ ರೂಪಗಳನ್ನ ತೆಗೆಯೋಕೆ ನೋಡ್ತಿದ್ದೀನಿ. ಡಿನಾಯ್ಸಿಂಗ್ ಸ್ಟ್ರೆಂತ್ (ಕೊಟ್ಟ ಚಿತ್ರವನ್ನ ಎಷ್ಟು ಬದಲಿಸಬೇಕು ಅನ್ನೋ ಅಳತೆ) 0.3 ಇಟ್ರೆ ಹೆಚ್ಚುಕಮ್ಮಿ ನನ್ನ ಚಿತ್ರವೇ ವಾಪಸ್ ಬರುತ್ತೆ. 0.7ಕ್ಕೆ ಹೋದ್ರೆ ಗೆರೆಯ ಒರಟುತನವೆಲ್ಲ ಮಾಯ, ಯಾರದ್ದೋ ನುಣುಪು ಹೂವು! (ನನಗೆ ಬೇಕಿರೋದೇ ಆ ಒರಟು.)

ತಮ್ಮದೇ ಚಿತ್ರಗಳಿಂದ ಲೋರಾ (ಎಐಗೆ ಒಂದು ಶೈಲಿ ಕಲಿಸೋ ಪುಟ್ಟ ಜೋಡಣೆ) ಟ್ರೇನ್ ಮಾಡಿದವರು ಯಾರಾದ್ರೂ ಇದ್ದೀರಾ? ಎಷ್ಟು ಚಿತ್ರ ಸಾಕಾಯ್ತು? ಗೆರೆ ಹಿಡಿದಿಡೋಕೆ ಕಂಟ್ರೋಲ್‌ನೆಟ್‌ನಲ್ಲಿ (ಕೊಟ್ಟ ಚಿತ್ರದ ಆಕಾರವನ್ನೇ ಎಐ ಅನುಸರಿಸೋ ಹಾಗೆ ಮಾಡೋ ಸಾಧನ) ಗೆರೆ ಗುರುತಿಸೋ ಲೈನ್‌ಆರ್ಟ್ ಒಳ್ಳೇದಾ, ಅಂಚು ಗುರುತಿಸೋ ಕ್ಯಾನಿನಾ?

ಇನ್ನೊಂದು, ಟೈಲಿಂಗ್ (ಅಂಚುಗಳು ಕೂಡೋ ಹಾಗೆ ಚಿತ್ರ ಮಾಡೋ ಆಯ್ಕೆ) ಆನ್ ಮಾಡಿದ್ರೆ ನೇರ ರಿಪೀಟ್ ಸಿಗುತ್ತೆ. ನನಗೆ ಹಾಫ್ ಡ್ರಾಪ್ (ಪಕ್ಕದ ಸಾಲು ಅರ್ಧ ಕೆಳಗಿಳಿದಿರೋ ರಿಪೀಟ್) ಬೇಕು. ಸ್ಕ್ರೀನ್ ಪ್ರಿಂಟ್‌ಗೆ ಬಣ್ಣ ಬೇರ್ಪಡಿಸೋದನ್ನ ಕೈಯಲ್ಲೇ ಮಾಡ್ಕೋತೀನಿ, ಅದು ಬಿಡಿ. ಬರೀ ಪ್ರಾಂಪ್ಟ್ ಬರೆದು ಡಿಸೈನ್ ತೆಗೆಯೋ ಸಲಹೆ ಮಾತ್ರ ದಯವಿಟ್ಟು ಬೇಡ.