ಹಬ್ಬದೂಟ ಹೊರಗೆ ಇಟ್ಟುಕೊಂಡರೆ ಸಾಕಾ? ಮಾಡಿ ನೋಡಿದವರು ಹೇಳಿ

ಕೇಳಿದವರು

ಕೋವಿಡ್ ಶುರುವಾದ ಮೇಲೆ ನಮ್ಮ ಮನೆಯವರೆಲ್ಲ ಒಟ್ಟಿಗೆ ಕೂತು ಊಟ ಮಾಡಿಲ್ಲ. ಈ ಹಬ್ಬಕ್ಕೆ ಹಿತ್ತಲಲ್ಲಿ ಊಟ ಇಟ್ಟುಕೊಳ್ಳೋಣ ಅಂತ ಮಾತಾಗಿದೆ. ನಾಲ್ಕು ಮನೆ, 13 ಜನ. ಅಜ್ಜಿಗೆ 81 ವರ್ಷ. ಅತ್ತಿಗೆ ಬಸುರಿ. ಚಿಕ್ಕ ಮಕ್ಕಳು ಮೂರು. ಹೊರಗೆ ಅಂದಮೇಲೆ ಎಂಥ ಭಯ ಅಂತಾರೆ ಚಿಕ್ಕಪ್ಪ. ಬೇಡವೇ ಬೇಡ ಅಂತಾನೆ ಅಣ್ಣ. ಹೀಗೆ ಮಾಡಿದವರು ಇದ್ದರೆ ಹೇಳಿ. ಎಲ್ಲಿ ಎಡವಿದಿರಿ ಅನ್ನೋದನ್ನೂ ಹೇಳಿ.

ಕಳೆದ ಸಲ 11 ಜನರನ್ನು ಕರೆದವರು

ನಾವು ಮಾಡಿದ್ದೇವೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಅದರಲ್ಲಿ ನಮ್ಮ ಜಾಣತನ ಎಷ್ಟು, ಅದೃಷ್ಟ ಎಷ್ಟು ಅಂತ ಕೇಳಿದರೆ ಅದೃಷ್ಟದ ಪಾಲೇ ಜಾಸ್ತಿ.

ನಾವು ಪೂರ್ತಿ ತಲೆ ಕೆಡಿಸಿಕೊಂಡಿದ್ದು ಕುರ್ಚಿಗಳ ಬಗ್ಗೆ. ಹಿಂದಿನ ದಿನ ಟೇಪ್ ಹಿಡಿದು ಎರಡೆರಡು ಮೀಟರ್ ಅಳೆದೆವು. ನೆಲಕ್ಕೆ ಸುಣ್ಣದಲ್ಲಿ ಗುರುತು ಹಾಕಿದೆವು. ಮನೆಗೊಂದು ಮೇಜು, ಮಧ್ಯೆ ಓಡಾಡಲು ಜಾಗ. ನೋಡೋಕೆ ಪರೀಕ್ಷೆ ಹಾಲ್ ಥರ ಇತ್ತು. ಎಲ್ಲರೂ ಬಂದ ಐದು ನಿಮಿಷಕ್ಕೆ ತಿರುಗಿ ನೋಡುತ್ತೇನೆ, ಹನ್ನೊಂದೂ ಜನ ಗೇಟಿನ ಹತ್ತಿರ. ಒಬ್ಬರು ಚೀಲ ಇಳಿಸಿಕೊಳ್ಳುತ್ತಿದ್ದಾರೆ. ಇನ್ನೊಬ್ಬರು ಮಗು ಎಷ್ಟು ಉದ್ದ ಆಗಿದೆ ಅಂತ ಕೆನ್ನೆ ಸವರುತ್ತಿದ್ದಾರೆ. ಮಾತು ಕೇಳಿಸಲಿ ಅಂತ ದೊಡ್ಡಮ್ಮ ಮಾಸ್ಕನ್ನು ಗದ್ದಕ್ಕೆ ಇಳಿಸಿದ್ದಾರೆ. ಅಳೆದು ಇಟ್ಟ ಕುರ್ಚಿಗಳು ಖಾಲಿ.

ಬಡಿಸುವಾಗಲೂ ಅದೇ ಕಥೆ. ಎಲ್ಲರೂ ತಟ್ಟೆ ಹಿಡಿದು ಒಂದೇ ಕಡೆ ಮುತ್ತಿಕೊಂಡರು. ಊಟ ಆದಮೇಲೆ ಇನ್ನೂ ಚಂದ. ಪಾತ್ರೆ ತೊಳೆಯಲು ಸಹಾಯ ಮಾಡುತ್ತೇವೆ ಅಂತ ಐದು ಜನ ಅಡುಗೆಮನೆಗೆ ನುಗ್ಗಿದರು. ಮುಕ್ಕಾಲು ಗಂಟೆ ಹರಟೆ, ಮಾಸ್ಕ್ ಯಾರಿಗೂ ನೆನಪಿಲ್ಲ. ಹೊರಗೆ ದೂರ ದೂರ ಕೂತು ಉಂಡು, ಒಳಗೆ ಭುಜಕ್ಕೆ ಭುಜ ತಾಗಿಸಿ ನಿಂತ ಹಾಗಾಯಿತು.

ಹಾಗಾಗಿ ಕೂತಿರುವ ಹೊತ್ತನ್ನು ಬಿಟ್ಟು ಉಳಿದ ಹೊತ್ತಿನ ಬಗ್ಗೆ ಯೋಚಿಸಿ. ಈ ಸಲ ನಾವು ಒಂದೊಂದು ಮನೆಯವರಿಗೆ ಹತ್ತು ನಿಮಿಷ ಬಿಟ್ಟು ಬರಲು ಹೇಳುತ್ತೇವೆ. ಬಂದವರು ನೇರ ತಮ್ಮ ಮೇಜಿಗೆ. ಬಡಿಸುವುದು ನಾನೊಬ್ಬಳೇ, ಮಾಸ್ಕ್ ಹಾಕಿಕೊಂಡು. ಎಂಜಲು ತಟ್ಟೆಗಳಿಗೆ ಒಂದು ದೊಡ್ಡ ಟಬ್ ಹೊರಗೇ ಇಡುತ್ತೇವೆ. ಎಲ್ಲರೂ ಹೋದಮೇಲೆ ತೊಳೆದರಾಯಿತು. ಪಾತ್ರೆ ಎಲ್ಲೂ ಓಡಿ ಹೋಗಲ್ಲ.

ನರ್ಸ್ ಆಗಿರುವವರು

ಮೇಲಿನವರು ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಸೌಟು, ತಟ್ಟೆ ಮುಟ್ಟಿದ್ದಕ್ಕೆ ಜಾಸ್ತಿ ಹೆದರಬೇಡಿ. ಈ ವೈರಸ್ ಮುಖ್ಯವಾಗಿ ಹರಡುವುದು ಉಸಿರಿನಿಂದ. ಸಾಲಿನಲ್ಲಿ ಒತ್ತಿಕೊಂಡು ನಿಲ್ಲುವುದೇ ತೊಂದರೆ. ಊಟಕ್ಕೆ ಮುಂಚೆ 20 ಸೆಕೆಂಡ್ ಸೋಪು ಹಚ್ಚಿ ಕೈ ತೊಳೆದರೆ ಸಾಕು. ಸುಮ್ನೆ ಡಬ್ಬಿಗಳಿಗೆಲ್ಲ ಸ್ಯಾನಿಟೈಸರ್ ಹೊಡೆಯುತ್ತಾ ಕೂರಬೇಡಿ.

ಟೆಂಟ್ ಹಾಕುವ ಯೋಚನೆ ಇದ್ದರೆ ಬದಿಗಳನ್ನು ಬಿಚ್ಚಿಡಿ. ನಾಲ್ಕೂ ಕಡೆ ಬಟ್ಟೆ ಇಳಿಬಿಟ್ಟರೆ ಅದು ಹೊರಗಲ್ಲ, ಬಟ್ಟೆಯ ಕೋಣೆ. ಗಾಳಿ ಯಾವ ಕಡೆಯಿಂದ ಬೀಸುತ್ತದೆ ನೋಡಿ, ಅಜ್ಜಿ ಮತ್ತು ಅತ್ತಿಗೆಯನ್ನು ಆ ತುದಿಗೆ ಕೂರಿಸಿ. ಬಸುರಿಯರಿಗೆ ಕೋವಿಡ್ ಬಂದರೆ ಕಾಯಿಲೆ ಜೋರಾಗುವ ಸಾಧ್ಯತೆ ಹೆಚ್ಚು. ವಯಸ್ಸಾದವರದ್ದಂತೂ ಗೊತ್ತೇ ಇದೆ.

ಸ್ಪೀಕರ್ ಬೇಡ. ಅದರ ಸದ್ದು ಮೀರಿಸಲು ಎಲ್ಲರೂ ಕೂಗುತ್ತಾರೆ. ಕೂಗಿದಷ್ಟೂ, ಹಾಡಿದಷ್ಟೂ ಬಾಯಿಂದ ಹನಿ ಜಾಸ್ತಿ. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಗಿಟ್ ಕೌಂಟಿಯಲ್ಲಿ ಒಂದು ಗಾಯನ ತಂಡ ಅಭ್ಯಾಸಕ್ಕೆ ಸೇರಿತ್ತು. 61 ಜನ, ಎರಡೂವರೆ ಗಂಟೆ. ಬಂದವರಲ್ಲಿ ಒಬ್ಬರಿಗೆ ಆಗಲೇ ಲಕ್ಷಣ ಇತ್ತು. ಅವರನ್ನೂ ಸೇರಿಸಿ 53 ಜನ ಕಾಯಿಲೆ ಬಿದ್ದರು. ಅದರಲ್ಲಿ 33 ಜನರದ್ದು ಪರೀಕ್ಷೆಯಲ್ಲಿ ಖಚಿತವಾಯಿತು. ಇಬ್ಬರು ತೀರಿಕೊಂಡರು. ಅದು ಒಳಗೆ ನಡೆದದ್ದು, ನಿಮ್ಮದು ಹೊರಗೆ, ನಿಜ. ಆದರೂ ಹಾಡಿನ ಸ್ಪರ್ಧೆ ಮಾತ್ರ ಇಟ್ಟುಕೊಳ್ಳಬೇಡಿ.

ಇನ್ನು ರ‍್ಯಾಪಿಡ್ ಟೆಸ್ಟ್. ಮಾಡಿಸುವುದಾದರೆ ಅದೇ ದಿನ ಬೆಳಿಗ್ಗೆ ಮಾಡಿ. ಮೂರು ದಿನ ಹಿಂದಿನದ್ದು ಮೂರು ದಿನ ಹಿಂದಿನ ಸುದ್ದಿ, ಅಷ್ಟೇ. ನೆಗೆಟಿವ್ ಬಂತು ಅಂತ ಮಾಸ್ಕ್ ಬಿಸಾಕಬೇಡಿ. ಸೋಂಕು ತಗುಲಿದ ಶುರುವಿನಲ್ಲಿ ಟೆಸ್ಟಿಗೆ ಸಿಗದೇ ಇರಬಹುದು. ಲಕ್ಷಣ ಕಾಣುವ ಎರಡು ದಿನ ಮುಂಚೆಯೇ ಒಬ್ಬರಿಂದ ಇನ್ನೊಬ್ಬರಿಗೆ ಹರಡಬಹುದು.

ಕೆಮ್ಮನ್ನು ಕಂಡೂ ಸುಮ್ಮನಿದ್ದವರು

ನಮ್ಮಲ್ಲಿ ದೂರ, ಗಾಳಿ, ಮಾಸ್ಕ್ ಎಲ್ಲ ಸರಿಯಿತ್ತು. ತಪ್ಪಿದ್ದು ದಾಕ್ಷಿಣ್ಯದಿಂದ. ಹತ್ತಿರದ ಸಂಬಂಧಿಕರೊಬ್ಬರು ಕೆಮ್ಮುತ್ತಲೇ ಬಂದರು. ಧೂಳಿನ ಅಲರ್ಜಿ ಅಂದರು. ನಮ್ಮ ತಂದೆಗಿಂತ ದೊಡ್ಡವರು, ವಾಪಸ್ ಹೋಗಿ ಅಂತ ಹೇಗೆ ಹೇಳೋದು? ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಯಾರೂ ಬಾಯಿ ಬಿಡಲಿಲ್ಲ. ಎರಡು ದಿನಕ್ಕೆ ಅವರದ್ದು ಪಾಸಿಟಿವ್. ನಾವೆಲ್ಲ 14 ದಿನ ಎಣಿಸುತ್ತಾ ಮನೆಯೊಳಗೆ ಕೂತೆವು. ನನ್ನ ತಂಗಿಗೆ ಬಂತು. ಅಲ್ಲಿಂದಲೇ ಬಂತಾ, ದೇವರಿಗೇ ಗೊತ್ತು.

ಈಗ ನಾವು ಒಂದು ವಾರ ಮುಂಚೆ ಎಲ್ಲರಿಗೂ ಒಂದೇ ಮೆಸೇಜ್ ಕಳಿಸುತ್ತೇವೆ. ಜ್ವರ, ಕೆಮ್ಮು, ಗಂಟಲು ಕೆರೆತ, ವಾಸನೆ ಗೊತ್ತಾಗದೇ ಇರುವುದು, ಯಾವುದಿದ್ದರೂ ಬರಬೇಡಿ, ಕಾರಣ ಕೇಳಲ್ಲ, ನಿಮ್ಮ ಪಾಲಿನ ಊಟ ಡಬ್ಬಿಯಲ್ಲಿ ಮನೆ ಬಾಗಿಲಿಗೆ ಬರುತ್ತದೆ ಅಂತ. ಆ ಕೊನೆಯ ಮಾತು ಮುಖ್ಯ. ಊಟ ತಪ್ಪಲ್ಲ ಅಂತ ಗೊತ್ತಾದರೆ ಜನ ಕೆಮ್ಮು ಮುಚ್ಚಿಡಲ್ಲ. ಹೋದ ತಿಂಗಳು ಒಬ್ಬರು ಬೆಳಿಗ್ಗೆಯೇ ಫೋನ್ ಮಾಡಿ ತಾವಾಗೇ ಬರಲ್ಲ ಅಂದರು.

ಮಳೆಗೆ ಸಿಕ್ಕಿದವರು

ಮಳೆ ಬಂದರೆ ಏನು ಅಂತ ಈಗಲೇ ತೀರ್ಮಾನ ಮಾಡಿ. ನಾವು ಮಾಡಿರಲಿಲ್ಲ. ಮೊದಲ ಹನಿ ಬೀಳುತ್ತಿದ್ದಂತೆ ಒಂಬತ್ತೂ ಜನ ಹಾಲಿಗೆ ಓಡಿದೆವು. ನೀರು ಬರುತ್ತೆ ಅಂತ ಕಿಟಕಿಗಳನ್ನೂ ಮುಚ್ಚಿದೆವು! ಮೋಡ ಕಂಡರೆ ಊಟ ಡಬ್ಬಿಗೆ, ಜನ ಮನೆಗೆ ಅಂತ ಮೊದಲೇ ಹೇಳಿಬಿಡಿ.

ಮತ್ತೆ ಬೇಯಿಸಿದ್ದನ್ನು ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬೇಡಿ. ಬಿಸಿಲು 32 ಡಿಗ್ರಿ ದಾಟಿದರೆ ಒಂದೇ ಗಂಟೆ. ಕೋವಿಡ್ ನೋಡಿಕೊಳ್ಳುತ್ತಾ ಹೊಟ್ಟೆ ಕೆಡಿಸಿಕೊಂಡವರನ್ನು ಕಂಡಿದ್ದೇನೆ.

ಇನ್ನೊಬ್ಬರು

ಎಲ್ಲ ಓದಿದೆ. ಚಿಕ್ಕಪ್ಪ ಏನಂದರು, ಅಣ್ಣ ಏನಂದ ಅಂತ ಬರೆದಿದ್ದೀರಿ. ಅಜ್ಜಿಯನ್ನು ಯಾರಾದರೂ ಕೇಳಿದಿರಾ?

ಕೇಳಿದವರು

ಕೇಳಿರಲಿಲ್ಲ. ನಿನ್ನೆ ಸಂಜೆ ಕೇಳಿದೆ. ಅವರು ಹೇಳಿದ್ದು ಬೇರೆಯೇ. "ನನಗೆ ಕಿವಿ ಮಂದ. ಅಷ್ಟು ದೂರ ಕೂರಿಸಿ ಬಾಯಿಗೂ ಬಟ್ಟೆ ಕಟ್ಟಿದರೆ ನೀವು ಏನಂದಿರಿ ಅಂತ ನನಗೆ ಹೇಗೆ ಗೊತ್ತಾಗಬೇಕು? ಸುಮ್ನೆ ಗೊಂಬೆ ಹಾಗೆ ಕೂರಬೇಕಾ?" ಅಂದರು. ಇಷ್ಟು ದಿನ ನಮಗೆ ಇದು ಹೊಳೆದೇ ಇರಲಿಲ್ಲ.

ನರ್ಸ್ ಆಗಿರುವವರು

ಊಟ ಮುಗಿದಮೇಲೆ ಅವರ ಪಕ್ಕ ಒಂದು ಕುರ್ಚಿ ಇಡಿ. ಎದುರಿಗಲ್ಲ, ಪಕ್ಕಕ್ಕೆ, ಚೆನ್ನಾಗಿ ಕೇಳುವ ಕಿವಿಯ ಕಡೆ. ಒಂದು ಸಲಕ್ಕೆ ಒಬ್ಬರೇ, ಹತ್ತು ನಿಮಿಷ. ಇಬ್ಬರಿಗೂ ಎನ್-95 ಮಾಸ್ಕ್ ಇರಲಿ, ಮೂಗಿನ ಹತ್ತಿರ ಸಂದಿಲ್ಲದ ಹಾಗೆ. ಕೂಗುವ ಬದಲು ನಿಧಾನವಾಗಿ, ಬಿಡಿಸಿ ಮಾತಾಡಿ. ಅಪಾಯ ಪೂರ್ತಿ ಹೋಗಲ್ಲ, ಅದನ್ನೂ ಅವರಿಗೆ ಹೇಳಿ. ಶೌಚಾಲಯದ ಮಾತು ಯಾರೂ ಎತ್ತಿಲ್ಲ. ಒಳಗೆ ಹೋಗುವವರು ಒಬ್ಬೊಬ್ಬರೇ, ಮಾಸ್ಕ್ ಹಾಕಿಕೊಂಡು. ಕಿಟಕಿ ಇಡೀ ದಿನ ತೆಗೆದೇ ಇರಲಿ.

ಕೇಳಿದವರು

ಅಜ್ಜಿಗೆ ಹೇಳಿದೆ, ಒಪ್ಪಿದರು. ಅತ್ತಿಗೆ ಈ ಸಲ ಬರಲ್ಲವಂತೆ. ಅವರಿಗೂ ಅಣ್ಣನಿಗೂ ಡಬ್ಬಿ. ಉಳಿದವರು 11. ಕುರ್ಚಿ ಮಾತ್ರ 12.